ಉರುಕುಂದಣ್ಣ ಹೇಳಿದ ಊರು

ಉರುಕುಂದಣ್ಣ ಆಟೊ ಓಡಿಸುವಾಗ ಹ್ಯಾಂಡಲ್ ಮೇಲೆ ಒಂದೇ ಕೈ ಇರುತ್ತಿತ್ತು. ಇನ್ನೊಂದು ಕೈ ಹೊರಗೆ ಚಾಚಿಕೊಂಡು ನಮಗೆ ಊರು ತೋರಿಸುತ್ತಿತ್ತು. ನಾನು ಆದೋನಿಯಿಂದ ದಿನವೂ ಹೊಳಗುಂದದ ಆಚೆಯ ಅವರ ಪುಟ್ಟ ಊರಿನ ಕನ್ನಡ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಹೊಳಗುಂದದವರೆಗೆ ಬಸ್ಸು, ಅಲ್ಲಿಂದ ಅವರ ಶೇರ್ ಆಟೊ. ಕುರಿ ಮಾರಿ ಕೊಂಡಿದ್ದ ಆಟೊ ಅದು. ನಮ್ಮನ್ನೂ ಅವರು ಕುರಿ ಅಟ್ಟುವ ಹಾಗೆಯೇ ನಾಲಿಗೆ ಲೊಚಗುಟ್ಟಿಸಿ ಒತ್ತೊತ್ತಾಗಿ ಕೂರಿಸುತ್ತಿದ್ದರು.

"ನಮ್ಮೂರು ಊಟದ ತಾಟಿದ್ದಂಗ ಐತಿ ನೋಡ್ರಿ ಮೇಡಂ. ಈ ಕಡಿ ಗುಡ್ಡ, ಆ ಕಡಿ ಹಳ್ಳ. ಹಳ್ಳ ದಾಟಿದ್ರ ಕರ್ನಾಟಕ. ನಮ್ಮ ಕುರಿ ಮುಂಜಾನಿ ಆಂಧ್ರದಾಗ ಮೇದು, ಮಧ್ಯಾಹ್ನ ಕರ್ನಾಟಕದಾಗ ನೀರು ಕುಡೀತಾವ. ಅವಕ್ಕ ಪಾಸ್‌ಪೋರ್ಟ್ ಕೇಳೋರು ಯಾರು?"

ಊರ ನಡುವಿನ ಹಳೆಯ ಬುರುಜಿನ ಚರಿತ್ರೆ ಮಾತ್ರ ಆಟೊದಲ್ಲಿ ಕೂತವರನ್ನು ನೋಡಿಕೊಂಡು ಬದಲಾಗುತ್ತಿತ್ತು. ಮದುವೆಗೆ ಹೊರಟವರಿದ್ದರೆ ರಾಜನೊಬ್ಬ ಅದನ್ನು ತನ್ನ ರಾಣಿಗಾಗಿ ಕಟ್ಟಿಸಿದ್ದ. ಕಟ್ಟುಮಸ್ತಾದ ಹುಡುಗರಿದ್ದರೆ ಒಬ್ಬ ಪೈಲ್ವಾನ ಒಂಟಿಯಾಗಿ ಕಲ್ಲು ಹೊತ್ತಿದ್ದ.

"ಉರುಕುಂದಣ್ಣ, ನಿನ್ನೆ ಬೇರೆ ಹೇಳಿದ್ರಲ್ಲ?" ಎಂದೆ ಒಮ್ಮೆ.

"ನಿನ್ನೆ ಕುಂತೋರು ಬ್ಯಾರೆ ಅಲ್ಲೇನ್ರಿ!"

ಒಂದು ದಿನ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಬುರುಜು ಅಡ್ಡವಾಗಿತ್ತು. ಉರುಕುಂದಣ್ಣ ಆಟೊವನ್ನು ಅದರ ಬುಡಕ್ಕೇ ತಂದು ನಿಲ್ಲಿಸಿ ಇಳಿದರು. ಗದ್ದಲ ಕೇಳಿ ನಾನೂ ಶಾಲೆಯಿಂದ ಓಡಿದೆ.

"ಏಮುಂದಿ ಪೆದ್ದಾಯನಾ, ಈ ರಾಳ್ಳಲೋ?" ಎಂದರು ಜೆಸಿಬಿಯ ಜೊತೆ ಬಂದಿದ್ದ ಎಂಜಿನಿಯರ್, ತೆಲುಗಿನಲ್ಲಿ. ಈ ಕಲ್ಲುಗಳಲ್ಲಿ ಅಂಥದ್ದೇನಿದೆ ಎಂದು. ಈಗ ರಾಜ ಬರುತ್ತಾನೋ ಪೈಲ್ವಾನ ಬರುತ್ತಾನೋ ಎಂದು ನನಗೆ ದಿಗಿಲು.

ಇಬ್ಬರೂ ಬರಲಿಲ್ಲ. "ಸಾರ್, ಹಳ್ಳ ಉಕ್ಕಿ ಊರಾಗ ನೀರು ನುಗ್ಗಿದಾಗ ಮಂದಿ ಎಲ್ಲಾ ಇದರ ಮ್ಯಾಲೆ ಹತ್ತಿ ಜೀವ ಉಳಿಸ್ಕೊಂಡ್ರು. ನಮ್ಮವ್ವ ಅಲ್ಲೇ ನನ್ನ ಹಡದಳು." ಅವರು ಬುರುಜಿನ ಕಲ್ಲಿಗೆ ಕೈಯೂರಿದರು. "ಇದಕ್ಕ ರಾಜ ಗೀಜ ಯಾರೂ ಇಲ್ರಿ. ನಾವಾ ಅದೀವಿ."

ಎಂಜಿನಿಯರ್ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಊರಿನ ಹಿರಿಯ ಮುದುಕಿ ಹುಸೇನಮ್ಮ ಗುಂಪಿನೊಳಗೆ ನುಗ್ಗಿ ಬಂದಳು. "ನಿಜ ಐತಪ್ಪಾ. ಈ ಕೂಸಿಗೆ ನಾನಾ ಸೆರಗು ಹೊಚ್ಚೀನಿ. ಅವತ್ತು ತೆರೆದ ಬಾಯಿ, ಇವತ್ತಿಗೂ ಮುಚ್ಚಿಲ್ಲ ಇವ!"

ಎಂಜಿನಿಯರ್ ಸಮೇತ ಎಲ್ಲರೂ ನಕ್ಕುಬಿಟ್ಟರು. ಎಂಜಿನಿಯರ್ ಮೇಲಿನವರಿಗೆ ಫೋನ್ ಮಾಡಿದರು, ಮತ್ತೆ ಅಳತೆಯಾಯಿತು. ರಸ್ತೆ ಈಗ ಬುರುಜನ್ನು ಬಳಸಿಕೊಂಡು ಹೋಗುತ್ತದೆ.

ಉರುಕುಂದಣ್ಣನನ್ನು ನಾನು ಕಡೆಯದಾಗಿ ನೋಡಿದ್ದು ಪೆದ್ದಹರಿವಾಣಂ ಶಾಲೆಗೆ ವರ್ಗವಾದಾಗ. ಮರುವರ್ಷ ಅವರು ತೀರಿಹೋದರು. ಆ ಶಾಲೆಯ ಮೊದಲ ದಿನ ನನ್ನನ್ನು ತಾವೇ ಬಿಟ್ಟುಬರುವುದಾಗಿ ಹಟ ಹಿಡಿದು ಆದೋನಿಗೆ ಆಟೊ ತಂದಿದ್ದರು.

"ಈ ಊರಿಂದು ಏನಾದ್ರೂ ಹೇಳ್ರಿ" ಎಂದೆ, ಶಾಲೆಯ ಮುಂದೆ ಇಳಿದು.

ಅವರು ತಲೆ ಕೆರೆದುಕೊಂಡರು. "ನಂಗೇನು ಗೊತ್ರಿ ಇಲ್ಲಿಂದು? ತಡೀರಿ, ಕೇಳ್ಕೊಂಡು ಬರ್ತೀನಿ." ಎದುರಿನ ಕಟ್ಟೆಯ ಮೇಲಿದ್ದ ಮುದುಕರ ನಡುವೆ ಜಾಗ ಮಾಡಿಕೊಂಡು ಕೂತರು.

ಮಧ್ಯಾಹ್ನ ಊಟದ ಬೆಲ್ ಆದಾಗ ಹೊರಗೆ ಬಂದು ನೋಡಿದೆ. ಆಟೊ ಅಲ್ಲೇ ಇತ್ತು. ಮುದುಕರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು. ಉರುಕುಂದಣ್ಣ ಅವರ ಊರಿನ ಕಥೆಯನ್ನು ಅವರಿಗೇ ಹೇಳುತ್ತಿದ್ದರು.