ಕಾಲು ಕಟ್ಟಿದ ಮೋಟಾರು

೧೯೩೮ರ ಮಳೆಗಾಲದಲ್ಲಿ ನಾನು ಹೊಳೆನರಸೀಪುರದಲ್ಲಿ ಸರ್ಕಾರಿ ಮೆಕ್ಯಾನಿಕ್. ನನ್ನ ವಶದಲ್ಲಿದ್ದದ್ದು ಎರಡು ಪಂಪು, ಒಂದು ದೋಣಿ, ದೋಣಿಗೊಂದು ಔಟ್‌ಬೋರ್ಡ್ ಮೋಟಾರು. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ತಗುಲಿಸುವ ಯಂತ್ರ. ತಲೆ ಮೇಲೆ, ಕಾಲು ನೀರೊಳಗೆ, ಕಾಲಿನ ತುದಿಗೆ ಫ್ಯಾನು. ಎರಡು ಕ್ಲ್ಯಾಂಪ್ ಸ್ಕ್ರೂ ಅದನ್ನು ಹಲಗೆಗೆ ಕಚ್ಚಿಸುತ್ತವೆ. ಕಲ್ಲು ತಗುಲಿದರೆ ಕಾಲು ಕೀಲಿನ ಮೇಲೆ ತಿರುಗಿ ತಾನೇ ಮೇಲೇಳುತ್ತದೆ. ಅದಕ್ಕೆ ಟಿಲ್ಟ್ ಎಂದು ಹೆಸರು.

ನಮ್ಮ ಕೈಗೆ ಬರುವ ಹೊತ್ತಿಗೇ ಮೋಟಾರು ಮುದಿಯಾಗಿತ್ತು. ಜೊತೆಗೊಂದು ಅಪ್ಪಣೆ: "ಯಂತ್ರವು ಯಾವ ಕಾರಣಕ್ಕೂ ಅಲುಗಾಡತಕ್ಕದ್ದಲ್ಲ." ಸಹಿ ಹಾಕಿದ ಮಹನೀಯರು ಎಂದಾದರೂ ದೋಣಿ ಹತ್ತಿದ್ದರೇ ಎಂಬುದು ನನ್ನ ಅನುಮಾನ.

ನಮ್ಮ ಅಂಬಿಗ ಕಾಳಯ್ಯನ ಊರು ಆಚೆ ದಡದಲ್ಲಿ. ಅಲ್ಲಿ ದನಗಳಿಗೆ ದೊಡ್ಡರೋಗ ಬಿದ್ದು ಪಕ್ಕದ ಮನೆಯ ಎತ್ತಿನ ಜೋಡಿ ಸತ್ತಿತ್ತು. ಅವನ ಎರಡು ಎತ್ತು ಇನ್ನೂ ನೆಟ್ಟಗಿದ್ದವು. ದನದ ಡಾಕ್ಟರು ಹಾಸನದಿಂದ ರೋಗ ತಡೆಯುವ ಸೀರಂ ಅನ್ನು ಐಸಿನಲ್ಲಿಟ್ಟು ತಂದರು. ಐಸು ಕರಗುವುದರೊಳಗೆ ಹೊಳೆ ದಾಟಬೇಕು. ಹೇಮಾವತಿ ತುಂಬಿ ಹರಿಯುತ್ತಿದ್ದಳು, ಹರಿಗೋಲಿನ ಮಾತೇ ಇರಲಿಲ್ಲ.

ನಾನು ಸ್ಕ್ರೂ ಬಿಗಿದು, ಅಪ್ಪಣೆಯಂತೆ ಮೋಟಾರಿನ ಕಾಲನ್ನೂ ಹಲಗೆಗೆ ಏಳು ಸುತ್ತು ಹಗ್ಗದಿಂದ ಬಿಗಿದೆ.

"ಇದೇನ್ ಸಾ, ಎತ್ತಿನ ಕಾಲು ಕಟ್ಟಾಕಿ ಗದ್ದೆಗಿಳಿಸ್ತಿದ್ದೀರಲ್ಲ?" ಎಂದ ಕಾಳಯ್ಯ.

"ಸರ್ಕಾರಿ ಎತ್ತು ಕಣಯ್ಯ. ಹೊಳೆಗೆ ಬಿದ್ದರೆ ನನ್ನ ಕೆಲಸ ಹೋಗುತ್ತೆ."

"ಕೆಲ್ಸ ಓದ್ರೆ ಇನ್ನೊಂದ್ ಸಿಕ್ತದೆ. ನನ್ ಎತ್ತು ಓದ್ರೆ?"

"ನಿಮ್ಮ ವಾದ ಐಸಿಗೆ ಕೇಳಿಸೋಲ್ಲ, ಹೊರಡ್ರಪ್ಪ!" ಎಂದರು ಡಾಕ್ಟರು.

ನಡುಹೊಳೆಯಲ್ಲಿ ಮುಳುಗಿದ್ದ ಬಂಡೆಗೆ ಫ್ಯಾನು ಟಣ್ಣೆಂದು ಬಡಿಯಿತು. ಏಳಬೇಕಾದ ಕಾಲು ಏಳಲಿಲ್ಲ. ಫ್ಯಾನಿನ ಪಿನ್ನು ಮುರಿಯಿತು. ದೊಡ್ಡ ಯಂತ್ರ ಉಳಿಯಲೆಂದು ತಾನು ಮುರಿಯಲಿಕ್ಕೇ ಹುಟ್ಟಿದ ಪಿನ್ನು ಅದು. ಇಲಾಖೆಯಲ್ಲಿ ನನ್ನದೂ ಅದೇ ದರ್ಜೆ. ಇನ್ನೊಂದು ಪಿನ್ನು ನಿಯಮಾನುಸಾರ ಆಫೀಸಿನ ಬೀರುವಿನಲ್ಲಿ ಭದ್ರವಾಗಿತ್ತು.

ಫ್ಯಾನು ತಿರುಗದೆ ದೋಣಿ ಸೆಳವಿಗೆ ಸಿಕ್ಕಿತು. ಕಾಳಯ್ಯ ಬಿದಿರ ಗಳೆಯನ್ನು ಬಂಡೆಯ ಸಂದಿಗೆ ಊರಿ ದೋಣಿ ನಿಲ್ಲಿಸಿ, ಗಳೆಯನ್ನು ಡಾಕ್ಟರ ಕೈಗೆ ಕೊಟ್ಟ. "ಬಿಟ್ಟೀರಾ ಬುದ್ಧಿ!" ಎಂದವನೇ ಕುಡುಗೋಲಿನಿಂದ ನನ್ನ ಏಳೂ ಸುತ್ತು ಕೊಯ್ದ. ಮೋಟಾರಿನ ತಲೆ ಒತ್ತಿದೆವು, ಕಾಲು ನೀರಿನಿಂದ ಎದ್ದಿತು. ಕೂರುವ ಹಲಗೆಯಿಂದ ಮೊಳೆಯೊಂದನ್ನು ಇಕ್ಕಳದಲ್ಲಿ ಕಿತ್ತು ಪಿನ್ನಿನ ಜಾಗಕ್ಕೆ ತೂರಿಸಿದೆ. ದಡದ ಹತ್ತಿರ ಇನ್ನೊಂದು ಕಲ್ಲು ತಗುಲಿತು. ಈ ಸಲ ಕಾಲು ತಾನಾಗಿ ಎದ್ದು, ತಾನಾಗಿ ಇಳಿಯಿತು.

ಸೂಜಿ ಚುಚ್ಚುವಾಗ ಪೆಟ್ಟಿಗೆಯಲ್ಲಿ ಉಳಿದದ್ದು ನಿಂಬೆಹಣ್ಣಿನಷ್ಟು ಐಸು. ಎತ್ತುಗಳು ಬದುಕಿದವು. ಆಫೀಸಿನವರು ಮಾತ್ರ ಹಗ್ಗ ತುಂಡಾದದ್ದಕ್ಕೆ ವಿವರಣೆ ಕೇಳಿದರು; ವಿನಯದಿಂದ ಬರೆದುಕೊಟ್ಟೆ.

ಅಲ್ಲಿಂದಾಚೆ ಸ್ಕ್ರೂಗಳನ್ನು ಬಿಗಿಯಾಗಿಯೇ ತಿರುಗಿಸಿ, ಹಗ್ಗವನ್ನು ಒಂದು ಮೊಳ ಸಡಿಲ ಬಿಟ್ಟು ಕಟ್ಟುತ್ತಿದ್ದೆ. ಹಗ್ಗವಿರುವುದು ವಸ್ತು ಕಳೆಯದಿರಲೆಂದು, ಕಾಲು ಏಳದಿರಲೆಂದಲ್ಲ. ನಾನು ಇಷ್ಟು ಕಲಿಯಲು ಕಾಳಯ್ಯನ ಎತ್ತುಗಳು ಪಣಕ್ಕೆ ಬೀಳಬೇಕಾಯಿತು. ವಿವರಣೆಯ ಫಾರಂನಲ್ಲಿ ಅದನ್ನು ಬರೆಯಲು ಕಲಂ ಇರಲಿಲ್ಲ.