ಉಗುರಿನ ಮೇಲೆ ನೀಲಿ ಬೊಟ್ಟು

ವಿಜಯಲಕ್ಷ್ಮಿ ನನ್ನ ಮನೆಯ ಮುಂದಿನ ಕೋಣೆಗೆ ಬಂದು ಒಂದೂವರೆ ವರ್ಷವಾಯಿತು. ಅವಳ ಊರು ಮಸಗುಪ್ಪಿ. ತಂದೆ ಬೀರಸಿದ್ದಪ್ಪನದು ಕುರಿ ಹಿಂಡು. ಹುಡುಗಿ ಇಲ್ಲಿ ಗೋಕಾಕದಲ್ಲಿ ನರ್ಸಿಂಗ್ ಕಲಿಯುತ್ತಾಳೆ. ಮೂರು ವರ್ಷದ ಓದು, ಈಗ ಎರಡನೆಯದು ನಡೆದಿದೆ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಎರಡರಿಂದ ಎಂಟರವರೆಗೆ ದವಾಖಾನೆಯಲ್ಲಿ ಡ್ಯೂಟಿ.

"ಕಲ್ಯಾಕ ಹೋಗ್ತಿಯೋ, ದುಡ್ಯಾಕ ಹೋಗ್ತಿಯೋ?" ಎಂದು ಒಮ್ಮೆ ಕೇಳಿದೆ.

"ಆಯಿ, ಆರು ಮಂದಿಗೆ ಒಬ್ಬಾಕಿ ನರ್ಸ್ ಅಂತ ಪುಸ್ತಕದಾಗ ಐತಿ. ನಮ್ಮ ವಾರ್ಡಿನಾಗ ಮೂವತ್ತೊಂದು ಕಾಟು, ನಾವಿಬ್ಬರು. ಪರೀಕ್ಷಾದಾಗ ಮಾತ್ರ ಆರು ಅಂತ ಬರಿಬೇಕು," ಎಂದು ನಕ್ಕಳು.

ಇಬ್ಬರೆಂದರೆ ಇವಳು ಮತ್ತು ಹತ್ತರಗಿಯ ಶಿವಾನಿ. ಸಿಸ್ಟರ್ ಒಬ್ಬರಿದ್ದಾರೆ, ಆದರೆ ಕೆಳಗಿನ ವಾರ್ಡೂ ಅವರದೇ.

ಒಂದು ಮಂಗಳವಾರ ಸಿಸ್ಟರ್ ಸಂಜೆಯ ಮಾತ್ರೆಗಳನ್ನು ಜೋಡಿಸಿಟ್ಟು, ಫೈಲುಗಳನ್ನು ಎತ್ತಿಕೊಂಡು ಕೆಳಗೆ ಹೋದರು. ಯಾರಿಗೆ ಕೊಟ್ಟಾಯಿತು ಎಂದು ಗುರುತು ಮಾಡಬೇಕಾದದ್ದು ಆ ಫೈಲುಗಳಲ್ಲೇ. ಹುಡುಗಿಯರು ಎರಡು ತುದಿಯಿಂದ ಕೊಡುತ್ತ ಬಂದರು. ನಡುವೆ ಒಬ್ಬನಿಗೆ ವಾಂತಿ, ಇನ್ನೊಬ್ಬನ ಸಲೈನ್ ಮುಗಿಯಿತು. ಒಬ್ಬರಿಗೆ ಎರಡು ಸಲ ಹೋದೀತು ಎಂಬ ಭಯ ವಿಜಯಲಕ್ಷ್ಮಿಗೆ. ಮಾತ್ರೆ ನುಂಗಿದವರ ಹೆಬ್ಬೆರಳಿನ ಉಗುರಿಗೆ ಪೆನ್ನಿನಿಂದ ಒಂದು ನೀಲಿ ಬೊಟ್ಟು ಇಟ್ಟಳು. ಶಿವಾನಿಗೂ ಹಾಗೇ ಮಾಡಲು ಹೇಳಿದಳು.

ಮರುದಿನ ರೌಂಡಿಗೆ ಬಂದ ಡಾಕ್ಟರು ಎಲ್ಲರ ಕೈ ನೋಡಿದರು. "ಎಲ್ಲಾರೂ ಯಾವ ಎಲೆಕ್ಷನ್ನಿಗೆ ಓಟು ಹಾಕಿ ಬಂದೀರೋ?" ಎಂದರು. ವಾರ್ಡೆಲ್ಲ ನಕ್ಕಿತು. ಹುಡುಗಿಗೆ ಧೈರ್ಯ ಬಂತು.

"ನಾನ ಹಚ್ಚೇನ್ರಿ ಸರ್. ಕುರಿಗೆ ಸೂಜಿ ಹಾಕಿದ ಮ್ಯಾಲೆ ನೆತ್ತಿಗೆ ಕೆಮ್ಮಣ್ಣು ಹಚ್ತೇವ್ರಿ. ಎರಡು ಸರತಿ ಬೀಳಂಗಿಲ್ಲ."

ಅಷ್ಟು ಹೇಳಬಾರದಿತ್ತು. ಹನ್ನೆರಡನೆಯ ಹಾಸಿಗೆಯ ಶೆಟ್ಟೆಪ್ಪ ಎದ್ದು ಕುಳಿತ. "ಅಲೆಲೆ, ನಮ್ಮನ್ನ ಕುರಿ ಅಂದಳಲ್ಲೋ ಇಕಿ!" ಎಂದ. ಅವನ ಕಡೆಯವರು ಆಫೀಸಿಗೆ ಹೋಗಿ ಕೂಗಾಡಿದರು.

ಅಂದಿನಿಂದ ಅವಳಿಗೆ ವಾರ್ಡ್ ಬಂದ್ ಎಂದು ಕಾಲೇಜಿನ ಪ್ರಿನ್ಸಿಪಾಲ್ ಬಾಯಿಯವರು ಹೇಳಿದರು. ತಂದೆ ಬಂದು, ತಪ್ಪಾಯಿತು ಎಂದು ಕೈಯಾರೆ ಬರೆದು ಕೊಡಬೇಕು. ಇಲ್ಲವಾದರೆ ಡ್ಯೂಟಿಯ ತಾಸುಗಳು ಕಡಿಮೆ ಬೀಳುತ್ತವೆ, ಪರೀಕ್ಷೆಗೆ ಕೂರಿಸುವುದಿಲ್ಲ. ಐದು ದಿನ ಮಧ್ಯಾಹ್ನವೆಲ್ಲ ಅವಳು ಕೋಣೆಯಲ್ಲೇ ಕುಳಿತಳು. ಮಾಡಿದ ರೊಟ್ಟಿ ಹಾಗೇ ಉಳಿಯುತ್ತಿತ್ತು. ಆರನೆಯ ದಿನ ತಂದೆಗೆ ಫೋನ್ ಮಾಡಿದಳು.

ಬೀರಸಿದ್ದಪ್ಪನಿಗೆ ಕಾಲೇಜಿನ ದಾರಿ ಗೊತ್ತಿಲ್ಲದ್ದಕ್ಕೆ ನಾನೂ ಜೊತೆಗೆ ಹೋದೆ. ಅವನು ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಪ್ರಿನ್ಸಿಪಾಲರ ಮಾತು ಪೂರ್ತಿ ಕೇಳಿದ. ಆಮೇಲೆ ಕೇಳಿದ:

"ಬಾಯಿಯವರ, ಯಾರಿಗರೆ ಎರಡು ಸರತಿ ಔಷಧ ಹೋತೇನ್ರಿ?"

"ಇಲ್ಲ."

"ಯಾರಿಗರೆ ತಪ್ಪಿತೇನ್ರಿ?"

"ಅದಲ್ಲ ಮಾತು."

"ನಮ್ಮಲ್ಲಿ ಅದ ಮಾತು ನೋಡ್ರಿ. ಆ ಬೊಟ್ಟು ಇಡಾಕ ನಾನ ಕಲಿಸೇನಿ, ಇಕಿ ಏಳು ವರ್ಷದಾಕಿ ಇದ್ದಾಗ. ತಪ್ಪಂತ ಬರಿಯಂಗಿಲ್ಲ." ಕಾಗದವನ್ನು ಮೇಜಿನ ಆಚೆಗೆ ಸರಿಸಿ ಎದ್ದ. "ನಡಿ ಮಗಳ, ಗಂಟು ಕಟ್ಟು."

ಮಗಳ ಪರವಾಗಿ ಅವನು ಅಷ್ಟು ಗಟ್ಟಿಯಾಗಿ ನಿಂತದ್ದು ನೋಡಿ ನನಗೆ ಸಂತೋಷವಾಯಿತು. ಹುಡುಗಿಯ ಮುಖ ನೋಡಿದೆ, ರಕ್ತವೇ ಇರಲಿಲ್ಲ.

ಹೊರಗೆ, ನೀರಿನ ಟಾಕಿಯ ಪಕ್ಕದಲ್ಲಿ ನಿಂತು ಅವಳು ಕೇಳಿದಳು: "ಮನಿಗೆ ಬಂದು ಏನ್ ಮಾಡ್ಲಿ ಅಪ್ಪಾ?"

"ಕುರಿ ಅದಾವು."

"ನನಗ ಕುರಿ ಬ್ಯಾಡ."

ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ.

"ನೀ ಹೇಳಿದ್ದು ಖರೆ ಐತಿ," ಎಂದಳು. "ಖರೆ ಇದ್ರೂ ತಪ್ಪಂತ ಬರಿ. ನೀ ಬರದ್ರ ಅಷ್ಟ ನಾ ಇಲ್ಲಿ ಉಳಿತೇನಿ."

"ನಾ ಕಲಿಸಿದ್ದು ತಪ್ಪು ಅಂತ ನೀನೂ ಅಂತಿಯೇನ?"

"ಅನ್ನಂಗಿಲ್ಲ. ಬರಿ."

ಬೀರಸಿದ್ದಪ್ಪ ಹುಬ್ಬಿನ ಬೆವರು ಒರೆಸಿಕೊಂಡು ಒಳಗೆ ಹೋದ. ಪ್ರಿನ್ಸಿಪಾಲರು ಹೇಳಿದರು, ಅವನು ಬರೆದ. ಕುರಿ ಕಾಯುವವರ ರೂಢಿಯನ್ನು ಮಗಳಿಂದ ಬಿಡಿಸುತ್ತೇನೆ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವರು ಮತ್ತೊಮ್ಮೆ ಹೇಳಿದರು. ಬರೆದು, ಕೆಳಗೆ ತನ್ನ ಹೆಸರು ಹಾಕಿದ. ನಾಲ್ಕೂವರೆ ಸಾಲಿಗೆ ಕಾಲು ತಾಸು ಹಿಡಿಯಿತು.

ಊರಿನ ಕಡೆ ಹೋಗುವ ಮೂಡಲಗಿ ಬಸ್ಸು ಹತ್ತುವಾಗ ನನಗೆ, "ಬರ್ತೇನ್ರಿ ಯವ್ವಾ," ಎಂದ. ಮಗಳ ಜೊತೆ ಮಾತಾಡಲಿಲ್ಲ. ಬಸ್ಸು ತಿರುಗುವವರೆಗೂ ಅವಳು ನಿಂತಿದ್ದಳು.

ಮನೆಗೆ ಬಂದು ಬಿಳಿ ಸಮವಸ್ತ್ರ ಹಾಕಿಕೊಂಡಳು. ಊಟ ಮಾಡಿ ಹೋಗು ಎಂದೆ. ಹೊಸ್ತಿಲಲ್ಲಿ ಕುಳಿತು ಶೂ ಕಟ್ಟಿಕೊಳ್ಳುತ್ತ ಹೇಳಿದಳು:

"ಮೊದಲ ಬ್ಯಾಸರಾದಾಗ, ಬಿಟ್ಟು ಹೋದ್ರ ಆತು ಅಂತಿದ್ದೆ ಆಯಿ. ದಿನಾ ಒಂದು ಸರತಿ ಹಂಗ ಅಂದಕೊಂಡ್ರ ಹಗುರ ಆಗ್ತಿತ್ತು. ಇನ್ನ ಹಂಗ ಅನ್ನಾಕೂ ಬರಂಗಿಲ್ಲ. ಈಗ ನಾ ಬಿಟ್ರ, ಅಪ್ಪ ತಪ್ಪಂತ ಬರದದ್ದು ದಂಡ ಆತಲ್ಲ?"

ರೊಟ್ಟಿ ಕಟ್ಟಿ ಅವಳ ಕೈಗೆ ಕೊಟ್ಟೆ. ಎರಡಕ್ಕೆ ಹತ್ತು ನಿಮಿಷ ಇರುವಾಗ ಅವಳು ಡ್ಯೂಟಿಗೆ ಹೋದಳು. ಓದು ಮುಗಿಯಲು ಇನ್ನೂ ಹದಿನೆಂಟು ತಿಂಗಳಿದೆ.