ಕೋಟಿನೊಳಗಿನ ಪಟ್ಟಾ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನನ್ನ ಬೆನ್ನಿನ ಆಪರೇಷನ್ ಆಯಿತು. ತಿಕೋಟಾದ ನಮ್ಮ ಅರಿವೆ ಅಂಗಡಿಯಲ್ಲಿ ಥಾನುಗಳ ಗಂಟು ಎತ್ತಲು ಹೋಗಿ ಸೊಂಟ ಹಿಡಿದದ್ದು, ಎಷ್ಟು ಎಣ್ಣೆ ತಿಕ್ಕಿದರೂ ಜಗ್ಗದೆ ನನ್ನನ್ನು ಮುಂಬಯಿತನಕ ಒಯ್ದಿತ್ತು. ಡಾಕ್ಟರು ಕೊಯ್ದು, ಹೊಲಿದು, ಕೊನೆಗೆ ಒಂದು ಪಟ್ಟಾ ಬಿಗಿದು ಕಳಿಸಿದರು. ದಪ್ಪ ಚರ್ಮ, ಬೆನ್ನಿಗೆ ಎರಡು ಉಕ್ಕಿನ ಪಟ್ಟಿ, ಹೊಟ್ಟೆಯ ಮೇಲೆ ಮೂರು ಬಕ್ಕಲ್. ಮೂರು ತಿಂಗಳು ಬಾಗುವ ಹಾಗಿಲ್ಲ. ಪಟ್ಟಾ ಬಿಚ್ಚಿದರೆ ಮಲಗಿಯೇ ಇರಬೇಕು.

ಆಗ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಬಬಲೇಶ್ವರದ ತವರಿನಲ್ಲಿದ್ದಳು. ದಿನ ತುಂಬಿದವಳನ್ನು ಯಾಕೆ ಹೆದರಿಸಬೇಕು ಅಂತ ನಮ್ಮವ್ವ, "ಮಾಲು ತರಾಕ ಮುಂಬೈಗೆ ಹೋಗ್ಯಾನ" ಎಂದು ಹೇಳಿ ಕಳಿಸಿದ್ದಳು. ಹೆಣ್ಣು ಹುಟ್ಟಿತು. ತಿಂಗಳಾದ ಮೇಲೆ, ಪಟ್ಟಾ ಕಾಣಬಾರದೆಂದು ಅಪ್ಪನ ಉದ್ದ ಕೋಟು ತೊಟ್ಟು ನಾನು ಕೂಸು ನೋಡಲು ಹೊರಟೆ. "ಹಸಿ ಬಾಣಂತಿ ಅದಾಳ, ಈಗೂ ಏನೂ ಹೇಳಬ್ಯಾಡ" ಅಂತ ಅವ್ವನ ತಾಕೀತು.

ಬಬಲೇಶ್ವರದಲ್ಲಿ ಮಾವನವರು ನಮಸ್ಕಾರ ಮಾಡಿಸಿಕೊಳ್ಳಲು ಕಾಲು ಜೋಡಿಸಿ ನಿಂತರು. ನಾನು ನೆಟ್ಟಗೆ ನಿಂತೇ ಕೈಮುಗಿದೆ. ಕಂಬಳಿ ಹಾಸಿದರು, ಕೂಡಲಿಲ್ಲ. ಚಹಾ ಕೊಟ್ಟರು, ನಿಂತೇ ಕುಡಿದೆ. ತೊಟ್ಟಿಲು ಬಹಳ ತಗ್ಗಿಗೆ ಕಟ್ಟಿದ್ದರು. ಬಾವಿಯೊಳಗೆ ಇಣುಕಿದ ಹಾಗೆ ನೋಡಿದರೆ ಕಂಡದ್ದು ಬರೀ ಕೂಸಿನ ತಲೆಯ ಕುಂಚಿಗೆಯ ತುದಿ.

"ಹೆಣ್ಣ ಹುಟ್ಟೇತಂತ ಅಳಿಯಾ ಹೆಂಗ ಸೆಟದ ನಿಂತಾನ ನೋಡ್ರಿ" ಎಂದಳು ಅತ್ತೆ, ನನಗೆ ಕೇಳುವ ಹಾಗೆಯೇ.

ಹೆಂಡತಿ ಗೋಡೆ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅದನ್ನು ನೋಡಿ ನನಗೆ ಡಾಕ್ಟರೂ ನೆನಪಾಗಲಿಲ್ಲ, ಅವ್ವನೂ ನೆನಪಾಗಲಿಲ್ಲ. "ಹಂಗಲ್ಲ ಬೇ" ಎಂದವನೇ ಕೂಸನ್ನು ಎತ್ತಿಕೊಳ್ಳಲು ಬಾಗಿದೆ.

ಠಪ್! ಬಕ್ಕಲ್ ಕಿತ್ತು, ಕೋಟಿನ ಗುಂಡಿ ಸಮೇತ ಹಾರಿ ತಾಮ್ರದ ಕೊಡಕ್ಕೆ ಬಡಿಯಿತು. ಉಕ್ಕಿನ ಪಟ್ಟಿಯೊಂದು ಕಾಲರಿನಿಂದ ಮೇಲೆದ್ದು ಕಿವಿಯ ಹಿಂದೆ ನಿಂತಿತು.

"ಯಪ್ಪಾ! ಬಂದೂಕ ಇಟ್ಕೊಂಡ ಬಂದೀಯೇನೋ?" ಮಾವ ಎರಡು ಹೆಜ್ಜೆ ಹಿಂದೆ ಜಿಗಿದರು.

ಪಟ್ಟಾ ಬಿಚ್ಚಿದರೆ ಮಲಗಬೇಕಲ್ಲ. ನಾನು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕಿಳಿದು ಅಂಗಾತ ಮಲಗಿಬಿಟ್ಟೆ. ಅತ್ತೆ ಬಾಯಿ ಬಾಯಿ ಬಡಿದುಕೊಂಡಳು. ಕೂಸು ಕಿರುಚಿತು. ಆ ಗದ್ದಲದಲ್ಲೇ ನೆಲದ ಮೇಲಿಂದ ಎಲ್ಲ ಹೇಳಿದೆ.

ಹೆಂಡತಿ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ನಗು ತಡೆಯಲಾಗದೆ ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದಳು. ನನ್ನ ಮಗಳ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ. ಅವಳು ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ಮುಂಬಯಿಯ ಪಟ್ಟಾವನ್ನು ಪೂರ್ತಿ ತೋಯಿಸಿದಳು.

ಮರುದಿನ ಮಾವ ಪಟ್ಟಾ ರಿಪೇರಿಗೆಂದು ನನ್ನನ್ನು ಚಕ್ಕಡಿಯಲ್ಲಿ ಜೋಳದ ಕಣಿಕೆಯ ಮೇಲೆ ಮಲಗಿಸಿ ವಿಜಾಪುರಕ್ಕೆ ಕರೆದೊಯ್ದರು. ಟಾಂಗಾ ನಿಲ್ಲುವಲ್ಲಿ ಕುದುರೆಗೆ ಜೀನು ಹೊಲಿಯುವ ಮುದುಕನೊಬ್ಬನಿದ್ದ. ಪಟ್ಟಾ ತಿರುಗಿಸಿ ನೋಡಿ ಕೇಳಿದ, "ಜಾನುವಾರ ಎಲ್ಲೈತ್ರಿ?"

ಮಾವ ನನ್ನ ಕಡೆ ಕೈಮಾಡಿದರು.

ಮುದುಕ ನನ್ನನ್ನು ಚರ್ಮ ಕತ್ತರಿಸುವ ಹಲಗೆಯ ಮೇಲೆ ಬೋರಲು ಮಲಗಿಸಿ, ಪಕ್ಕೆಯಲ್ಲಿ ಪಟ್ಟಾ ಉಜ್ಜಿ ಆಗಿದ್ದ ಗಾಯ ಮುಟ್ಟಿ ನೋಡಿದ. "ಡಾಕ್ಟರಿಗೆ ಎಲುವು ಗೊತ್ತೈತ್ರಿ, ತೊಗಲು ಗೊತ್ತಿಲ್ಲ. ಕುದುರಿಗೂ ಹಿಂಗಽ ಆಗತೈತಿ" ಎಂದು ಕಿತ್ತ ಬಕ್ಕಲ್ ಕೂಡಿಸಿ, ಒಳಗಡೆ ಮೆತ್ತನೆಯ ಉಣ್ಣೆ ಇಟ್ಟು ಹೊಲಿದ. ಟಾಂಗಾದವರು ಸುತ್ತ ನೆರೆದರು.

"ಯಾವ ಗಾಡಿಗೆ ಕಟ್ಟಾವ್ರು ಇವನ್ನ?" ಒಬ್ಬ ಕೇಳಿದ.

"ನಮ್ಮ ಅಳಿಯಾರೀ ಅವ್ರು!" ಎಂದು ಮಾವ ಗುಡುಗಿದರು.

ಉಳಿದ ದಿನಗಳಲ್ಲಿ ಒಂದೂ ಗಾಯವಾಗಲಿಲ್ಲ. ಮೂರು ತಿಂಗಳು ತುಂಬಿ ಮುಂಬಯಿಗೆ ಹೋದಾಗ ಡಾಕ್ಟರು ಪಟ್ಟಾದ ಒಳಗೆ ಬೆರಳಾಡಿಸಿ, ಇದನ್ನು ಯಾರು ಮಾಡಿದರು ಎಂದು ಕೇಳಿದರು. ನಾಚಿಕೊಂಡು ನಿಜ ಹೇಳಿದೆ. ಅವರು ನಗಲಿಲ್ಲ. ಮುದುಕನ ವಿಳಾಸ ಬರೆದುಕೊಂಡರು.